ಎರಡು ದಿನದ ಕಾವ್ಯೋತ್ಸವ: ಕವಿಗೋಷ್ಠಿ ಮತ್ತು ಕಮ್ಮಟಗಳನ್ನು ಕಟ್ಟುವ ಬಗೆ

ಹಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಕವಿಗೋಷ್ಠಿಗೆ ನನ್ನನ್ನು ಕರೆದಿದ್ದರು. ಆಮಂತ್ರಣ ಪತ್ರಿಕೆಯಲ್ಲಿ 34 ಕವಿಗಳ ಹೆಸರಿತ್ತು. ಬೆಳಿಗ್ಗೆ 11 ಗಂಟೆಗೆಂದು ಅಚ್ಚಾಗಿದ್ದ ಗೋಷ್ಠಿ, ಉದ್ಘಾಟನೆ, ಆಶಯ ನುಡಿ, ಅಧ್ಯಕ್ಷ ಭಾಷಣ ಮತ್ತು ಸನ್ಮಾನಗಳೆಲ್ಲ ಮುಗಿದ ಮೇಲೆ ಮಧ್ಯಾಹ್ನ 2.20ಕ್ಕೆ ಆರಂಭವಾಯಿತು. ನನ್ನ ಸರದಿ ಬರುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದಿದ್ದವರು ಇನ್ನೂ ಓದಬೇಕಾಗಿದ್ದ ಕವಿಗಳು, ಅವರ ಜೊತೆಗೆ ಬಂದ ಮನೆಯವರು ಮತ್ತು ಕುರ್ಚಿ ಮಡಚಲು ಕಾದು ನಿಂತಿದ್ದ ಶಾಮಿಯಾನದ ಹುಡುಗರು. ನಿರೂಪಕರು ನನ್ನ ಕಿವಿಯ ಹತ್ತಿರ ಬಾಗಿ, "ಒಂದೇ ಕವನ ಸಾರ್, ಚಿಕ್ಕದು" ಎಂದರು. ಆ ದಿನ ಓದಿದ ಯಾವ ಕವಿತೆಯೂ ಕೇಳಿದವರ ನೆನಪಿನಲ್ಲಿ ಉಳಿದಿರಲಾರದು.

ಅಲ್ಲಿಂದ ಈಚೆಗೆ ಗೆಳೆಯರೊಂದಿಗೆ ಸೇರಿ ಸಣ್ಣ ಪ್ರಮಾಣದ ಕಾವ್ಯೋತ್ಸವಗಳನ್ನು ಕಟ್ಟುವಾಗ ನಾವು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ವೇದಿಕೆಗೆ ಹೋಗುತ್ತಿದ್ದ ಹೊತ್ತನ್ನು ಕವಿತೆಗೆ ಮರಳಿಸುವುದು ನಮ್ಮ ಒಂದೇ ನಿಯಮ. ಉಳಿದದ್ದೆಲ್ಲ ಅದರಿಂದ ಹುಟ್ಟಿದ ಲೆಕ್ಕಾಚಾರ. 2013ರಲ್ಲಿ ಆರಂಭವಾದ ಧಾರವಾಡ ಸಾಹಿತ್ಯ ಸಂಭ್ರಮ, 2016ರಲ್ಲಿ ಆರಂಭವಾದ ಬೆಂಗಳೂರಿನ ಕಾವ್ಯೋತ್ಸವ ಮುಂತಾದ ದೊಡ್ಡ ಮೇಳಗಳ ಗಾತ್ರ ಈ ಮಾರ್ಗದರ್ಶಿಗೆ ಎಟುಕುವುದಿಲ್ಲ. ನನ್ನ ಕಣ್ಣ ಮುಂದಿರುವುದು ಜಿಲ್ಲಾ ಅಥವಾ ತಾಲ್ಲೂಕು ಕೇಂದ್ರದ ಒಂದು ಊರು, 120 ಜನ ಕೂರುವ ಸಭಾಂಗಣ, 24 ಕವಿಗಳು, ಬರವಣಿಗೆಯ ತರಬೇತಿಗೆ, ಅಂದರೆ ಕಮ್ಮಟಕ್ಕೆ ಬರುವ 16 ಮಂದಿ ಕಮ್ಮಟಾರ್ಥಿಗಳು ಮತ್ತು ಒಂದು ಶನಿವಾರ, ಒಂದು ಭಾನುವಾರ.

ದಿನ ಮತ್ತು ಜಾಗ

ಕನಿಷ್ಠ ನಾಲ್ಕು ತಿಂಗಳ ಮೊದಲು ದಿನ ಗೊತ್ತುಮಾಡಬೇಕು. ನವೆಂಬರ್ ಪೂರ್ತಿ ರಾಜ್ಯೋತ್ಸವದ ತಿಂಗಳಾದ್ದರಿಂದ ಸಭಾಂಗಣ, ಮೈಕಿನವರು, ಕವಿಗಳು ಮೂವರೂ ಒಟ್ಟಿಗೆ ಸಿಗುವುದಿಲ್ಲ. ದಸರೆಯ ದಿನಗಳಲ್ಲಿ ಮೈಸೂರಿನಲ್ಲಿಯೂ ಬೇರೆ ಊರುಗಳಲ್ಲಿಯೂ ಕವಿಗೋಷ್ಠಿಗಳಿರುತ್ತವೆ. ಮಾರ್ಚ್ ತಿಂಗಳು ಪರೀಕ್ಷೆಯದು, ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್ ಮಳೆಯದು. ತಗಡಿನ ಚಾವಣಿಯ ಮೇಲೆ ಜುಲೈ ಮಳೆ ಸುರಿಯುವಾಗ ಯಾವ ಧ್ವನಿವರ್ಧಕವೂ ಕವಿತೆಯನ್ನು ಕಾಪಾಡಲಾರದು. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗಿನ ಅವಧಿ ನಮಗೆ ಹೊಂದಿದೆ. ಊರ ಜಾತ್ರೆಯ ದಿನವನ್ನೂ ವಿಚಾರಿಸಿಕೊಳ್ಳಬೇಕು. ಒಮ್ಮೆ ನಾವು ಅದನ್ನು ಮರೆತು, ತೇರಿನ ದಿನವೇ ಗೋಷ್ಠಿ ಇಟ್ಟುಕೊಂಡು ಪಟಾಕಿಯ ಸದ್ದಿನ ನಡುವೆ ಓದಿದ್ದೇವೆ.

ಜಿಲ್ಲಾ ರಂಗಮಂದಿರ ಸಿಕ್ಕಿದರೆ ಹೆಮ್ಮೆ ಅನ್ನಿಸುವುದು ಸಹಜ, ಆದರೆ 700 ಆಸನಗಳ ಮಂದಿರದಲ್ಲಿ ಕೂತ 90 ಜನ ಖಾಲಿತನವನ್ನೇ ನೋಡುತ್ತಾರೆ. ಕಾಲೇಜಿನ ಗ್ರಂಥಾಲಯದ ಓದುಕೋಣೆ ಅಥವಾ ಹಳೆಯ ತೊಟ್ಟಿಮನೆಯ ಅಂಗಳ ಇದಕ್ಕಿಂತ ಒಳ್ಳೆಯದು. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ತನ್ನ ಸಂಸ್ಕೃತಿ ಶಿಬಿರಕ್ಕೆ ನಾಡಿನ ಎಲ್ಲೆಡೆಯಿಂದ ಜನರನ್ನು ಕರೆಸಿಕೊಂಡಿರುವಾಗ, ಊರು ಸಣ್ಣದು ಎಂಬ ಸಂಕೋಚ ಯಾರಿಗೂ ಬೇಡ. ಜಾಗ ನೋಡಲು ಹೋದಾಗ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು, ಫ್ಯಾನುಗಳನ್ನೆಲ್ಲ ಹಾಕಿಸಿ, ಒಬ್ಬರಿಂದ ಮೈಕಿಲ್ಲದೆ ಒಂದು ಕವಿತೆ ಓದಿಸಿ ಕೇಳಬೇಕು. ಪಕ್ಕದಲ್ಲಿ ಕಲ್ಯಾಣ ಮಂಟಪವಿದೆಯೇ ಎಂಬುದನ್ನೂ ಅದೇ ದಿನ ನೋಡಿಕೊಳ್ಳಬೇಕು.

ಅಂಗಳದಲ್ಲಿ ನಡೆಸುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಪಡೆಯಬೇಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರದ ಧನಸಹಾಯಕ್ಕೆ ಅರ್ಜಿ ಹಾಕುವ ಆಲೋಚನೆಯಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಯೊಂದರ ಹೆಸರಿನಲ್ಲಿ ಉತ್ಸವ ನಡೆಸುವುದು ಅನುಕೂಲ. ಆದರೆ ಆ ಹಣ ಬಂದೇ ಬರುತ್ತದೆಂದು ನಂಬಿ ಊಟದವರಿಗೆ ಮುಂಗಡ ಕೊಡಬಾರದು.

ಕವಿಗಳ ಆಯ್ಕೆ ಮತ್ತು ಕರೆಯೋಲೆ

ನಾಲ್ಕು ಗೋಷ್ಠಿ, ಗೋಷ್ಠಿಗೆ ಆರು ಕವಿಗಳು ಎಂದರೆ 24 ಜನ. ಈ ಸಂಖ್ಯೆ ಕೇಳಿದ ಕೂಡಲೇ ಸಮಿತಿಯಲ್ಲಿ ಯಾರಾದರೂ, "ಇನ್ನೂ ನಾಲ್ವರನ್ನು ಸೇರಿಸಿಬಿಡೋಣ, ಪಾಪ" ಎನ್ನುತ್ತಾರೆ. ಆ "ಪಾಪ"ವೇ ಗೋಷ್ಠಿಯನ್ನು ಮುಳುಗಿಸುತ್ತದೆ. ಸ್ಥಳೀಯರೆಲ್ಲರಿಗೂ ಅವಕಾಶ ಬೇಕೆನ್ನುವುದು ನ್ಯಾಯವಾದ ಬೇಡಿಕೆಯೇ, ಆದರೆ ಅದಕ್ಕೆ ಮುಕ್ತ ವೇದಿಕೆಯೆಂಬ ಬೇರೆ ಅಧಿವೇಶನವನ್ನು ಇಟ್ಟು ಉತ್ತರ ಕೊಡಬೇಕು.

ಆಯ್ಕೆಗೆ ಕೂತಾಗ ಹೆಸರುಗಳ ಪಟ್ಟಿಯಿಂದ ಆರಂಭಿಸದೆ ಕಳೆದ ಎರಡು ಮೂರು ವರ್ಷಗಳಲ್ಲಿ ಪತ್ರಿಕೆಗಳಲ್ಲಿ, ಜಾಲತಾಣಗಳಲ್ಲಿ, ಸಂಕಲನಗಳಲ್ಲಿ ಬಂದ ಕವಿತೆಗಳನ್ನು ಮುದ್ರಿಸಿ, ಸಮಿತಿಯ ಐವರೂ ಗಟ್ಟಿಯಾಗಿ ಓದಬೇಕು. ಹೀಗೆ ಓದಿದಾಗ ಪ್ರಸಿದ್ಧರ ಕೆಲವು ಹೆಸರು ತಾವಾಗಿಯೇ ಉದುರುತ್ತವೆ, ಕೇಳಿರದ ಒಂದೆರಡು ಹೆಸರು ಮೇಲೆ ಬರುತ್ತವೆ. ಕನಿಷ್ಠ ಅರ್ಧದಷ್ಟು ಮಹಿಳೆಯರಿರಲಿ. ಮಹಿಳಾ ಕವಿಗೋಷ್ಠಿಯೆಂದು ಪ್ರತ್ಯೇಕ ಮಾಡಿ ಮಧ್ಯಾಹ್ನದ ಊಟದ ನಂತರದ ಹೊತ್ತಿಗೆ ತಳ್ಳುವ ಹಳೆಯ ಚಾಳಿಯನ್ನು ಬಿಡಬೇಕು. ಹೈದರಾಬಾದ್ ಕರ್ನಾಟಕದ, ಇಂದಿನ ಕಲ್ಯಾಣ ಕರ್ನಾಟಕದ ಕನ್ನಡವೂ ಕುಂದಾಪುರದ ಕನ್ನಡವೂ ಒಂದೇ ಗೋಷ್ಠಿಯಲ್ಲಿ ಒಂದರ ಪಕ್ಕ ಒಂದು ಕೇಳಿಸುವಂತಾದರೆ ಆ ಗೋಷ್ಠಿಗೆ ಬೇರೆ ಅಲಂಕಾರ ಬೇಕಿಲ್ಲ. ಪ್ರತಿ ಗೋಷ್ಠಿಯಲ್ಲೂ ಇನ್ನೂ ಪುಸ್ತಕ ಬಾರದ ಒಬ್ಬ ಕವಿಯಿರಲಿ, ಆದರೆ ಅವರನ್ನು ಮೊದಲಿಗೆ ಓದಿಸಬಾರದು. ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ ಓದುವ ಕಷ್ಟ ಅನುಭವಿಗಳಿಗಿರಲಿ.

ಕರೆಯೋಲೆಯಲ್ಲಿ ಈ ಸಂಗತಿಗಳು ಅಂಕಿಯಲ್ಲಿರಬೇಕು: ಓದಲು 10 ನಿಮಿಷ, ಗೌರವಧನ ಇಷ್ಟು, ಎಲ್ಲರಿಗೂ ಒಂದೇ, ಪ್ರಯಾಣದ ವೆಚ್ಚ ಇಷ್ಟರವರೆಗೆ, ವಸತಿ ಯಾವ ರಾತ್ರಿಯಿಂದ ಯಾವ ಬೆಳಗಿನವರೆಗೆ. ಬ್ಯಾಂಕ್ ವಿವರವನ್ನು ಮುಂಚೆಯೇ ಪಡೆದು ಓದಿದ ದಿನವೇ ಹಣ ಪಾವತಿಸಬೇಕು. ಶಾಲು, ಹಾರ, ಪೇಟ, ಗಾಜಿನ ಸ್ಮರಣಿಕೆಗಳಿಗೆ ಹೋಗುವ ಮೊತ್ತವನ್ನು ಒಮ್ಮೆ ಕೂಡಿಸಿ ನೋಡಿ. ಅದನ್ನು ಗೌರವಧನಕ್ಕೆ ಸೇರಿಸಿದರೆ ಬೀದರಿನಿಂದ ಬರುವ ಕವಿ ರಾತ್ರಿ ಬಸ್ಸಿನಲ್ಲಿ ಕೂತೇ ಬರುವ ಬದಲು ಮಲಗಿ ಬರಬಹುದು.

ಕವಿತೆಗಳನ್ನು ಮೂರು ವಾರ ಮೊದಲೇ ಯೂನಿಕೋಡ್‌ನಲ್ಲಿ ತರಿಸಿಕೊಳ್ಳಬೇಕು. ಹಿರಿಯರು ಹಲವರು ಈಗಲೂ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಸುತ್ತಾರೆ. ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ, ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗದ್ಯದಲ್ಲಾದರೆ ಓದುಗರು ಊಹಿಸಿಕೊಂಡಾರು. ಕವಿತೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೆ ಎಂಬುದೇ ಅರ್ಥವಾದ್ದರಿಂದ, ಪರಿವರ್ತಿಸಿದ ಪ್ರತಿಯನ್ನು ಕವಿಗೆ ಮರಳಿ ಕಳಿಸಿ ಒಪ್ಪಿಗೆ ಪಡೆಯಬೇಕು.

ಗೋಷ್ಠಿಯ ಗಡಿಯಾರ

ಒಂದು ಗೋಷ್ಠಿಗೆ 90 ನಿಮಿಷ. ಆರು ಕವಿಗಳ ಓದಿಗೆ 60 ನಿಮಿಷ, ಪರಿಚಯ ಮತ್ತು ಎದ್ದು ಬರುವ ಹೊತ್ತಿಗೆ 10, ಕೊನೆಯಲ್ಲಿ ಸಭಿಕರೊಂದಿಗೆ ಮಾತಿಗೆ 20. ಗೋಷ್ಠಿಯ ಅಧ್ಯಕ್ಷರು ಎಂಬ ಹುದ್ದೆಯನ್ನು ನಾವು ಕೈಬಿಟ್ಟಿದ್ದೇವೆ. ಕವಿಗಳೆಲ್ಲ ಓದಿದ ಮೇಲೆ ಒಬ್ಬೊಬ್ಬರ ಕವಿತೆಗೂ ಅಂಕ ಕೊಡುವಂತೆ 40 ನಿಮಿಷ ಮಾತನಾಡುವ ಆ ಪದ್ಧತಿಯಿಂದ ಅಧ್ಯಕ್ಷರಿಗೆ ಮುಜುಗರ, ಕವಿಗಳಿಗೆ ಸಂಕಟ, ಸಭಿಕರಿಗೆ ಬಸ್ಸಿನ ಚಿಂತೆ. ಬದಲಿಗೆ ಒಬ್ಬ ನಿರ್ವಾಹಕರಿದ್ದು, ಅವರು ಎಲ್ಲ ಕವಿತೆಗಳನ್ನೂ ಮೊದಲೇ ಓದಿಕೊಂಡು ಬಂದು, ಕೊನೆಯ 20 ನಿಮಿಷದ ಮಾತುಕತೆಗೆ ಎರಡು ಮೂರು ಪ್ರಶ್ನೆಗಳನ್ನು ಸಿದ್ಧವಿಟ್ಟುಕೊಂಡಿದ್ದರೆ ಸಾಕು.

ಪರಿಚಯ 40 ಪದ ಮೀರಬಾರದು. "ನಾಡಿನ ಖ್ಯಾತ", "ಭರವಸೆಯ", "ಸಂವೇದನಾಶೀಲ" ಎಂಬ ಮೂರು ವಿಶೇಷಣಗಳಿಗೆ ಪ್ರವೇಶವಿಲ್ಲವೆಂದು ನಿರೂಪಕರಿಗೆ ಬರೆದೇ ಕೊಡಬೇಕು. "ಜೋರಾದ ಚಪ್ಪಾಳೆ ಬರಲಿ" ಎಂದು ಕೇಳುವುದೂ ಬೇಡ. ಒಳ್ಳೆಯ ಕವಿತೆ ಮುಗಿದಾಗ ಮೂರು ನಾಲ್ಕು ಸೆಕೆಂಡು ಯಾರೂ ಅಲುಗಾಡದ ಒಂದು ಗಳಿಗೆಯಿರುತ್ತದೆ, ನಿರೂಪಕರು ಮೈಕು ಹಿಡಿದು ನುಗ್ಗಿದರೆ ಅದು ಒಡೆದುಹೋಗುತ್ತದೆ.

ಉದ್ಘಾಟನೆಗೆ ಮೊದಲ ದಿನ ಬೆಳಿಗ್ಗೆ 20 ನಿಮಿಷ ಮೀಸಲಿಟ್ಟು, ಯಾವುದಾದರೂ ಹಿರಿಯ ಕವಿಯಿಂದ ಒಂದು ಕವಿತೆ ಓದಿಸಿ ಅದನ್ನೇ ಉದ್ಘಾಟನೆ ಎಂದುಬಿಟ್ಟರೆ ಮುಗಿಯಿತು. ಗಣ್ಯರು ಬರುವುದು ತಡವಾದರೆ ಕಾಯಬಾರದು. ಇದನ್ನು ಬರೆಯುವುದು ಸುಲಭ, ನಡೆಸುವುದು ಕಷ್ಟವೆಂದು ನನಗೂ ಗೊತ್ತು. ಆದ್ದರಿಂದಲೇ ಗಣ್ಯರನ್ನು ಸಮಾರೋಪಕ್ಕೆ, ಅದೂ ಸಭಿಕರಾಗಿ ಬರುವಂತೆ ಮೊದಲೇ ಹೋಗಿ ಮಾತನಾಡಿ ಬರುವುದು ಮೇಲು.

ಓದುವವರಿಗೆ ಹೇಳಬೇಕಾದದ್ದು

ನಮ್ಮ ಕವಿಗೋಷ್ಠಿಗಳಲ್ಲಿ ಪ್ರತಿ ಸಾಲನ್ನೂ ಎರಡೆರಡು ಸಲ ಓದುವ ಅಭ್ಯಾಸ ಬೇರೂರಿದೆ. ಕಲಬುರಗಿ, ಬೀದರಿನ ಕಡೆಯ ಮುಷಾಯಿರಾಗಳಲ್ಲಿ, ಅಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಕೇಳುಗರೇ "ಮುಕರ್ರರ್" ಎಂದು ಕೂಗಿ ಸಾಲನ್ನು ಮತ್ತೆ ಓದಿಸಿಕೊಳ್ಳುತ್ತಾರೆ, ಅದು ಬೇಡಿಕೆಯಿಂದ ಹುಟ್ಟಿದ ಮರುಓದು. ಯಾರೂ ಕೇಳದೆ ನಾವೇ ಮರುಓದಿದರೆ ಕವಿತೆಯ ನಡಿಗೆ ಕುಂಟುತ್ತದೆ, ಹೊತ್ತೂ ಇಮ್ಮಡಿಯಾಗುತ್ತದೆ. 30 ಸಾಲಿನ ಕವಿತೆಯನ್ನು ಸಾವಕಾಶವಾಗಿ ಓದಲು ಸುಮಾರು ಎರಡು ನಿಮಿಷ ಸಾಕು. ಹಾಗಾಗಿ 10 ನಿಮಿಷದಲ್ಲಿ ನಾಲ್ಕು ಕವಿತೆಗಳನ್ನು ನಡುವೆ ಉಸಿರಾಡುತ್ತ ಓದಬಹುದು. ಕವಿತೆಗಿಂತ ಉದ್ದವಾದ ಪೀಠಿಕೆ ಬೇಡವೆಂದು ಸ್ನೇಹದಿಂದಲೇ ಹೇಳಬೇಕು.

ಮೈಕು ಬಾಯಿಗೆ ನೇರ ಎದುರಾಗಿದ್ದರೆ ಪ, ಬ ಅಕ್ಷರಗಳೂ ಫ, ಭ ಮಹಾಪ್ರಾಣಗಳೂ ಗುಂಡಿನಂತೆ ಸಿಡಿಯುತ್ತವೆ. ಅದನ್ನು ಗಲ್ಲದ ಮಟ್ಟಕ್ಕೆ ಇಳಿಸಿ, ತುಸು ಓರೆಯಾಗಿಸಿ, ಅರ್ಧ ಗೇಣು ದೂರದಲ್ಲಿಡಬೇಕು. ಎತ್ತರ ಕಡಿಮೆಯಿರುವವರು ಓದುವಾಗ ಮೈಕನ್ನು ಇಳಿಸಿಕೊಡಲು ಒಬ್ಬ ಹುಡುಗ ಅಥವಾ ಹುಡುಗಿ ವೇದಿಕೆಯ ಪಕ್ಕದಲ್ಲೇ ಇರಲಿ. ಮೊಬೈಲಿನಲ್ಲಿ ಓದುವವರ ಪರದೆ ನಡುವೆ ಕಪ್ಪಾಗುವುದೂ ಮನೆಯಿಂದ ಕರೆ ಬರುವುದೂ ನಿಶ್ಚಿತವಾದ್ದರಿಂದ, ಎಲ್ಲರ ಕವಿತೆಗಳನ್ನೂ 18 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿ ಕಡತದಲ್ಲಿಟ್ಟಿರಬೇಕು. ಹೊತ್ತು ಮೀರಿದಾಗ ಗಂಟೆ ಬಾರಿಸುವುದು ಅವಮಾನ. ಎಂಟನೆಯ ನಿಮಿಷಕ್ಕೆ ಮುಂದಿನ ಸಾಲಿನಲ್ಲಿ ಒಂದು ಸಣ್ಣ ದೀಪ ಹೊತ್ತಿಸಿ, ಅದರ ಅರ್ಥವನ್ನು ಕವಿಗಳಿಗೆ ಮೊದಲೇ ತಿಳಿಸಿದ್ದರೆ ಸಾಕಾಗುತ್ತದೆ.

ಹಾಡುವ ಕವಿತೆಯ ವಿಷಯದಲ್ಲಿ ಒಂದು ಮಾತು. ಭಾವಗೀತೆ, ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ಎರಡೂ ನಮ್ಮಲ್ಲಿ ಬಲವಾದ ಪರಂಪರೆಗಳು; ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕದಿಂದಲೇ ಹೆಸರಾದ ಊರು. ಇವನ್ನು ಗೋಷ್ಠಿಯ ನಡುವೆ ತುರುಕದೆ ಸಂಜೆಗೆ ಪ್ರತ್ಯೇಕವಾಗಿ ಇಡಬೇಕು, ಏಕೆಂದರೆ ಹಾಡು ಕೇಳಿದ ಕಿವಿಗೆ ತಕ್ಷಣವೇ ಓದಿನ ಸಣ್ಣ ಏರಿಳಿತ ಹಿಡಿಯುವುದಿಲ್ಲ. ತೀರಿಕೊಂಡ ಕವಿಗಳ ಕೃತಿಗಳನ್ನು ಬಳಸುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ನೆನೆಯಬೇಕು: ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಬರಹ ಈಗ ಮುಕ್ತ, 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೆ ಹಕ್ಕಿನಡಿಯಲ್ಲಿರುತ್ತದೆ. ಪ್ರಕಟಿತ ಕೃತಿಯ ಸ್ವಲ್ಪ ಭಾಗವನ್ನು ಸಭೆಯಲ್ಲಿ ಓದಲು ಕಾಯ್ದೆ ಬಿಡುತ್ತದೆ, ಆದರೆ ಅನುವಾದಿಸಿ ಅಚ್ಚುಹಾಕಲು ಅನುಮತಿ ಬೇಕು.

ಬರವಣಿಗೆಯ ಕಮ್ಮಟ

ಉತ್ಸವದ ಜೀವ ಇರುವುದು ಇಲ್ಲಿ, ಹಾಗಾಗಿ ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ. ಕಮ್ಮಟವೆಂಬ ಪದದ ಮೂಲ ಅರ್ಥ ನಾಣ್ಯ ಅಚ್ಚುಹಾಕುವ ಸ್ಥಳ. ಕಾವ್ಯ ಕಮ್ಮಟದ ಹೆಸರಿನಲ್ಲಿ ಹಿರಿಯರೊಬ್ಬರು ಎರಡು ಗಂಟೆ ಉಪನ್ಯಾಸ ಕೊಟ್ಟು, ಪ್ರಮಾಣಪತ್ರ ಹಂಚಿ ಕಳಿಸಿದರೆ ಅಲ್ಲಿ ಅಚ್ಚಾಗುವುದು ಪ್ರಮಾಣಪತ್ರ ಮಾತ್ರ.

ಅರ್ಜಿಯ ಜೊತೆ ಮೂರು ಕವಿತೆಗಳನ್ನು ಕೇಳಿ, ಹೆಸರು ಮರೆಮಾಡಿ 16 ಮಂದಿಯನ್ನು ಆರಿಸಬೇಕು. ಅವರನ್ನು ಎಂಟೆಂಟರ ಎರಡು ಗುಂಪು ಮಾಡಿ, ಗುಂಪಿಗೊಬ್ಬ ನಿರ್ದೇಶಕರನ್ನು ಕೊಡಬೇಕು. ಒಳ್ಳೆಯ ಕವಿ ಒಳ್ಳೆಯ ನಿರ್ದೇಶಕರಾಗಿಯೇ ಇರುತ್ತಾರೆಂಬ ಖಾತರಿಯಿಲ್ಲ. ಪತ್ರಿಕೆಯ ಸಾಪ್ತಾಹಿಕ ವಿಭಾಗದಲ್ಲಿ ಕವಿತೆ ತಿದ್ದಿದವರು, ಹೈಸ್ಕೂಲಿನಲ್ಲಿ ತಾಳ್ಮೆಯಿಂದ ಕನ್ನಡ ಕಲಿಸಿದವರು ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಪ್ರತಿಯೊಬ್ಬರ ಒಂದೊಂದು ಕವಿತೆಯನ್ನು ಅಗಲವಾದ ಅಂಚು ಬಿಟ್ಟು, ಐದೈದು ಸಾಲಿಗೆ ಸಂಖ್ಯೆ ಹಾಕಿ ಮುದ್ರಿಸಿ, ಒಂದು ವಾರ ಮೊದಲೇ ಗುಂಪಿನ ಎಲ್ಲರಿಗೂ ಕಳಿಸಬೇಕು.

ಮೊದಲ ದಿನ ಮಧ್ಯಾಹ್ನ 2.30ರಿಂದ 5.30ರವರೆಗೆ ಮೊದಲ ಬೈಠಕ್. ಕವಿತೆಗೆ 20 ನಿಮಿಷದಂತೆ ಎಂಟು ಕವಿತೆಗೆ 160 ನಿಮಿಷ, ನಡುವೆ ಚಹಾಕ್ಕೆ 20 ನಿಮಿಷ. ಒಂದು ಕವಿತೆಯ 20 ನಿಮಿಷವನ್ನು ಹೀಗೆ ಹಂಚಬೇಕು: ಮೊದಲು ಬೇರೆಯವರೊಬ್ಬರು ಕವಿತೆಯನ್ನು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಬರೆದವರು ಓದುತ್ತಾರೆ, ಇದಕ್ಕೆ ನಾಲ್ಕು ನಿಮಿಷ. ಬೇರೆಯವರು ಎಲ್ಲಿ ತಡವರಿಸಿದರೋ ಅಲ್ಲಿ ಬರೆದವರು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಮುಂದಿನ ಐದು ನಿಮಿಷ ಗುಂಪಿನವರು ಕವಿತೆಯಲ್ಲಿ ಏನಿದೆ ಎಂದಷ್ಟೇ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಆಡುವಂತಿಲ್ಲ. ನಂತರ ಎಂಟು ನಿಮಿಷ ಪ್ರಶ್ನೆಗಳು. ಅಷ್ಟೂ ಹೊತ್ತು ಬರೆದವರು ಬಾಯಿ ತೆರೆಯಬಾರದು. ಕೊನೆಯ ಮೂರು ನಿಮಿಷ ಅವರದು.

ಪ್ರಶ್ನೆಗಳು ಹೇಗಿರಬೇಕೆಂಬುದನ್ನು ಒಂದು ಪ್ರಸಂಗದಿಂದ ತೋರಿಸುತ್ತೇನೆ. ಒಮ್ಮೆ ಕಮ್ಮಟದಲ್ಲಿ ಒಬ್ಬ ತರುಣಿಯ ಕವಿತೆಯಲ್ಲಿ "ಅಮ್ಮನ ನೆನಪು ಮನದ ಮೂಲೆಯಲಿ ದೀಪದಂತೆ ಉರಿಯುತಿದೆ" ಎಂಬ ಸಾಲಿತ್ತು. ಯಾರೂ ಅದನ್ನು ಸವಕಲು ಎನ್ನಲಿಲ್ಲ. ಒಬ್ಬರು, "ಯಾವ ದೀಪ?" ಎಂದು ಮಾತ್ರ ಕೇಳಿದರು. ಇನ್ನೊಬ್ಬರು, "ಅದನ್ನು ಯಾರು ಹೊತ್ತಿಸುತ್ತಿದ್ದರು?" ಎಂದರು. ತನ್ನ ಮೂರು ನಿಮಿಷ ಬಂದಾಗ ಆಕೆ, ಮನೆಯಲ್ಲಿ ಕರೆಂಟು ಹೋದಾಗ ಮಾತ್ರ ಹೊರಗೆ ಬರುತ್ತಿದ್ದ ಲಾಟೀನಿನ ಬಗ್ಗೆ ಹೇಳತೊಡಗಿದಳು: ಅದರ ಗಾಜಿನ ಮಸಿಯನ್ನು ಅಮ್ಮ ಸೆರಗಿನ ತುದಿಯಿಂದ ಒರೆಸುತ್ತಿದ್ದಳು, ಎಲ್ಲ ಸೀರೆಗಳ ಸೆರಗಿನಲ್ಲೂ ಒಂದೇ ಜಾಗದಲ್ಲಿ ಕಪ್ಪು ಕಲೆಯಿತ್ತು, ಅಮ್ಮ ಹೋದ ಮೇಲೆ ಸೀರೆಗಳನ್ನು ಹಂಚುವಾಗ ಆ ಕಲೆ ನೋಡಿ ಯಾರೂ ಒಯ್ಯಲಿಲ್ಲ. ನಿರ್ದೇಶಕರು ಏನೂ ಸೇರಿಸದೆ, "ಈಗ ಹೇಳಿದ್ದನ್ನು ಬರೆದುಕೊಳ್ಳಿ" ಎಂದರು. ಮರುದಿನದ ಪ್ರತಿಯಲ್ಲಿ ಮನದ ಮೂಲೆಯೂ ಇರಲಿಲ್ಲ, ನೆನಪೆಂಬ ಪದವೂ ಇರಲಿಲ್ಲ.

ಎರಡನೆಯ ದಿನದ ಎರಡು ಗಂಟೆಯ ಬೈಠಕ್ಕಿನಲ್ಲಿ ತಿದ್ದಿದ ಪ್ರತಿಗಳನ್ನು ಓದಿಸಿ, ಉಳಿದ ಹೊತ್ತನ್ನು ಲಯದ ಅಭ್ಯಾಸಕ್ಕೆ ಬಳಸಬೇಕು. ಮುಕ್ತಛಂದದಲ್ಲಿ ಬರೆಯುವವರಿಗೆ ಮಾತ್ರೆಯ, ಅಂದರೆ ಅಕ್ಷರ ಉಚ್ಚರಿಸುವ ಕಾಲದ, ಲೆಕ್ಕ ಏಕೆಂದು ಕೇಳುವವರಿರುತ್ತಾರೆ. ಕರಿಹಲಗೆಯ ಮೇಲೆ "ಬಸ್ಸಿನೊಳಗಡೆ ನಿಂತ ಮುದುಕಿಯೊಬ್ಬಳ ಕೈಲಿ" ಎಂದು ಬರೆದು ಅವರಿಂದಲೇ ಓದಿಸಿ. ಕೇಳಿದರೆ ಇದು ಮಾತೇ ಹೊರತು ಪದ್ಯವಲ್ಲ. ಚಪ್ಪಾಳೆ ಹಾಕಿ ಬಿಡಿಸಿದಾಗ ಮಾತ್ರ ಬಸ್ಸಿನೊಳ, ಗಡೆನಿಂತ, ಮುದುಕಿಯೊಬ್, ಬಳಕೈಲಿ ಎಂದು ಐದೈದು ಮಾತ್ರೆಯ ನಾಲ್ಕು ಗಣಗಳು, ಅಂದರೆ ಲಲಿತ ರಗಳೆಯೆಂಬ ಹಳೆಯ ಛಂದಸ್ಸಿನ ನಡಿಗೆ, ಹೊರಗೆ ಬರುತ್ತದೆ. ಮುದುಕಿಯ ಬದಲು ಅಜ್ಜಿ ಎಂದರೂ ಲೆಕ್ಕ ಸರಿಹೋಗುತ್ತದೆ, ಮುತ್ತಜ್ಜಿ ಎಂದರೆ ಸಾಲು ಎಡವುತ್ತದೆ. ದಿನವಿಡೀ ಆಡುವ ಮಾತಿನೊಳಗೇ ಲಯ ಅಡಗಿದೆಯೆಂದು ಕಿವಿಗೆ ಗೊತ್ತಾದ ಮೇಲೆ, ಅದನ್ನು ಮುರಿಯುವವರು ಗೊತ್ತಿದ್ದೇ ಮುರಿಯುತ್ತಾರೆ. ಬಳಿಕ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಕೇಳಿದ ಒಂದೊಂದು ವಾಕ್ಯವನ್ನು ಬರೆದು ತಂದು, ಅದರ ಗಣಗಳನ್ನು ಬಿಡಿಸುವ ಕೆಲಸ ಕೊಡಬಹುದು.

ಅನುವಾದದ ಮೇಜು

ಮೂರನೆಯ ಗೋಷ್ಠಿಯನ್ನು ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ ಮುಂತಾದ ನಮ್ಮ ನೆಲದ ಇತರ ನುಡಿಗಳಿಗೆ ಮೀಸಲಿಟ್ಟು, ಅದಕ್ಕೆ ಮೊದಲು ಅನುವಾದದ ಕಮ್ಮಟವೊಂದನ್ನು ನಡೆಸುವುದು ಒಳ್ಳೆಯ ಜೋಡಣೆ. ಮೂಲ ಕವಿತೆ, ಅದರ ಪದಪದದ ಅರ್ಥ ಮತ್ತು ಸಾಧ್ಯವಿದ್ದರೆ ಕವಿಯೇ ಮೇಜಿನಲ್ಲಿರಬೇಕು. ಉದಾಹರಣೆಗೆ ತುಳುವಿನಲ್ಲಿ ಕೇಳುವವರನ್ನೂ ಒಳಗೊಂಡ ನಾವು "ನಮ", ಅವರನ್ನು ಬಿಟ್ಟ ನಾವು "ಎಂಕುಲು". ಕನ್ನಡದಲ್ಲಿ ಎರಡಕ್ಕೂ "ನಾವು" ಒಂದೇ. ಕವಿತೆಯೊಂದು ಎಂಕುಲು ಎಂದು ಆರಂಭವಾಗಿ ಕೊನೆಯಲ್ಲಿ ನಮ ಎಂದು ತಿರುಗಿದರೆ, ಹೊರಗೆ ನಿಂತ ಕೇಳುಗನನ್ನು ಕವಿ ಒಳಗೆ ಕರೆದುಕೊಂಡಂತಾಯಿತು. ಅದನ್ನು ಕನ್ನಡಕ್ಕೆ ತರುವ ಬಗೆ ಹೇಗೆಂದು ಮೂರು ಗುಂಪುಗಳಿಗೆ ಬಿಟ್ಟರೆ ಒಂದು ಮಧ್ಯಾಹ್ನ ಹೋದದ್ದೇ ತಿಳಿಯುವುದಿಲ್ಲ. ಗೋಷ್ಠಿಯಲ್ಲಿ ಮೂಲವನ್ನೇ ಮೊದಲು ಓದಿಸಬೇಕು, ವಿವರಣೆಯಿಲ್ಲದೆ. ಅನುವಾದವನ್ನು ಪರದೆಯ ಮೇಲೆ ಹಾಕುವುದಾದರೆ ಒಂದು ಸಲಕ್ಕೆ ಒಂದೇ ನುಡಿಗಟ್ಟಿನಷ್ಟು ತೋರಿಸಬೇಕು. ಪೂರ್ತಿ ಕವಿತೆ ಕಂಡರೆ ಸಭಿಕರು ಓದಿ ಮುಗಿಸಿ ಕವಿಗಾಗಿ ಕಾಯುತ್ತಾರೆ.

ಮುಕ್ತ ವೇದಿಕೆ, ದಾಖಲೆ, ಲೆಕ್ಕ

ಮುಕ್ತ ವೇದಿಕೆಗೆ ಎರಡನೆಯ ದಿನ ಮಧ್ಯಾಹ್ನ 90 ನಿಮಿಷ. ಬೆಳಿಗ್ಗೆಯೇ ಡಬ್ಬಿಯಲ್ಲಿ ಹೆಸರು ಹಾಕಿಸಿ, ಚೀಟಿ ಎತ್ತಿ 25 ಜನರನ್ನು ಕರೆಯಬೇಕು; ಒಬ್ಬರಿಗೆ ಮೂರು ನಿಮಿಷ. ಪ್ರಾಂಶುಪಾಲರಿಗೂ ಪಿಯುಸಿ ಹುಡುಗನಿಗೂ ಚೀಟಿಯೇ ಗತಿ. ಕೊನೆಯ ಬಸ್ಸಿನ ವೇಳೆ ನೋಡಿಕೊಂಡು ಅಂದಿನ ಹಾಡಿನ ಕಾರ್ಯಕ್ರಮವನ್ನು 8 ಗಂಟೆಗೆ ಮುಗಿಸಬೇಕು.

ಚಿತ್ರೀಕರಣಕ್ಕೆ ಪ್ರತಿ ಕವಿಯಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಕಮ್ಮಟದೊಳಗೆ ಕ್ಯಾಮೆರಾ ಬರಲೇಬಾರದು. ಧ್ವನಿಯನ್ನು ಮೈಕಿನವರ ಮಿಕ್ಸರಿನಿಂದ ನೇರ ಪಡೆದರೆ ಮಾತ್ರ ಮುಂದೆ ಕೇಳುವಂತಿರುತ್ತದೆ. ಖರ್ಚಿನ ಲೆಕ್ಕವನ್ನು ಒಂದು ವಾರದೊಳಗೆ ದೇಣಿಗೆ ಕೊಟ್ಟ ಎಲ್ಲರಿಗೂ ಕಳಿಸಬೇಕು; ಮುಂದಿನ ವರ್ಷದ ದೇಣಿಗೆ ಬರುವುದು ಈ ಹಾಳೆಯಿಂದಲೇ.

ಕಮ್ಮಟದಲ್ಲಿ ಗುರುತು ಹಾಕಿದ ಪ್ರತಿಗಳನ್ನು, ಎಂಟು ಜನರ ಎಂಟು ಕೈಬರಹಗಳ ಸಮೇತ, ಬರೆದವರಿಗೇ ಮರಳಿಸಬೇಕು. ಮೂರು ತಿಂಗಳ ನಂತರದ ಒಂದು ಭಾನುವಾರವನ್ನು ಹೊರಡುವ ಮೊದಲೇ ಗೊತ್ತುಮಾಡಿ, ಅದೇ ಗುಂಪನ್ನು ಅದೇ ಕೋಣೆಗೆ ಮತ್ತೆ ಕರೆಯಬೇಕು. ಆ ದಿನ ನಿರ್ದೇಶಕರು ಬೇಕಿಲ್ಲ, ಚಹಾ ಮತ್ತು ಪೆನ್ಸಿಲುಗಳಿದ್ದರೆ ಆಯಿತು.